ಬಾಗಿಲಿಗೆ ಬಣ್ಣ ಹೊಡೆಸುವ ಮೊದಲು

ಆ ಬೀದಿಯಲ್ಲಿ ಅವಳನ್ನು ಅಕ್ಕ ಎಂದು ಕರೆಯದವರು ಯಾರೂ ಇರಲಿಲ್ಲ. ಹಾಲಿನವನಿಗೂ ಅಕ್ಕ, ಇಸ್ತ್ರಿ ಅಂಗಡಿಯವನಿಗೂ ಅಕ್ಕ, ವಯಸ್ಸಿನಲ್ಲಿ ಅವಳಿಗಿಂತ ಎಷ್ಟೋ ದೊಡ್ಡವರಾದ ಪಕ್ಕದ ಮನೆಯ ನಿವೃತ್ತ ಮೇಷ್ಟ್ರಿಗೂ ಅಕ್ಕ. ನಿಜವಾಗಿ ನೋಡಿದರೆ ಅವಳು ಅಕ್ಕನಾಗಿದ್ದು ಒಬ್ಬನಿಗೆ ಮಾತ್ರ. ಆ ಒಬ್ಬ ಊರಿಗೆಲ್ಲ ದೊಡ್ಡ ಡಾಕ್ಟರು, ಅಕ್ಕನ ಬಾಯಲ್ಲಿ ಈಗಲೂ ಮರಿ. ರೋಗಿಗಳ ಮುಂದೆ ಮಾತ್ರ ‘ಡಾಕ್ಟ್ರೇ’ ಅನ್ನುತ್ತಿದ್ದಳು, ಅದೂ ನಗು ತಡೆದುಕೊಂಡು.

ತಾಯಿ ಹೋದಾಗ ಅವನಿನ್ನೂ ಚಡ್ಡಿಯ ಗುಂಡಿ ಹಾಕಿಕೊಳ್ಳಲು ಬಾರದ ಹುಡುಗ. ಇವಳು ಆಸ್ಪತ್ರೆಯಲ್ಲಿ ನರ್ಸ್ ಕೆಲಸಕ್ಕೆ ಸೇರಿ, ಹಗಲು ಪಾಳಿ ರಾತ್ರಿ ಪಾಳಿ ಎನ್ನದೆ ದುಡಿದು ಅವನನ್ನು ಓದಿಸಿದಳು. ಮದುವೆ ಯಾಕಾಗಲಿಲ್ಲ ಎಂದು ಯಾರಾದರೂ ಕೆದಕಿದರೆ, “ಒಂದು ಗಂಡು ಸಾಕಿದ್ದೇ ಸಾಕಾಯ್ತು, ಇನ್ನೊಂದನ್ನ ಸಾಕೋ ತಾಳ್ಮೆ ನನಗಿಲ್ಲ” ಎಂದು ಬಾಯಿ ಮುಚ್ಚಿಸುತ್ತಿದ್ದಳು. ತಮ್ಮ ಕೊನೆಗೆ ಹಿಡಿದದ್ದು ಮರೆವಿನ ಕಾಯಿಲೆಯ ವಿದ್ಯೆ. ಅಲ್ಝೈಮರ್ ಎಂಬ ಹೆಸರು ಜನರ ನಾಲಗೆಗೆ ಹೊರಳುವ ಮೊದಲೇ ಅವನು ಅದರ ಹಿಂದೆ ಬಿದ್ದಿದ್ದ. ಸ್ವಂತ ಕ್ಲಿನಿಕ್ ತೆರೆದ ದಿನ ಅಕ್ಕ ಆಸ್ಪತ್ರೆಯ ಕೆಲಸ ಬಿಟ್ಟು ಬಂದು ಅವನ ಜೊತೆ ನಿಂತಳು. ಕೆಳಗೆ ಕ್ಲಿನಿಕ್, ಮೇಲೆ ಮನೆ. ಮನೆಯಲ್ಲಿ ತಮ್ಮ, ಅವನ ಹೆಂಡತಿ, ಅಕ್ಕ, ಮೂರೇ ಜನ.

ಕ್ಲಿನಿಕ್ಕಿನ ಒಳಕೋಣೆಯಲ್ಲಿ ಡಾಕ್ಟರ ಕುರ್ಚಿ ಬಿಟ್ಟು ಇನ್ನೂ ಎರಡು ಕುರ್ಚಿಗಳಿದ್ದವು. ಕೈ ಇರುವ ಮರದ ಕುರ್ಚಿ ರೋಗಿಯದು. ಅದು ಬೋಳು ಗೋಡೆಯ ಕಡೆ ಮುಖ ಮಾಡಿತ್ತು. ಆ ಗೋಡೆಯ ಕ್ಯಾಲೆಂಡರನ್ನೂ ಗಡಿಯಾರವನ್ನೂ ಅಕ್ಕನೇ ತೆಗೆಸಿದ್ದಳು, ಇವತ್ತು ಯಾವ ವಾರ ಎಂದು ಡಾಕ್ಟರು ಕೇಳಿದಾಗ ರೋಗಿ ಕಳ್ಳಗಣ್ಣಿನಲ್ಲಿ ನೋಡಿ ಹೇಳಬಾರದಲ್ಲ. ಮೊಳೆ ಮಾತ್ರ ಹಾಗೇ ಉಳಿದಿತ್ತು. ಕಿಟಕಿಯ ಪಕ್ಕದ ಬೆತ್ತದ ಕುರ್ಚಿ ಮನೆಯವರದು. ಅದರ ಮೇಲೊಂದು ಮೆತ್ತೆ. “ಕಾಯಿಲೆ ಮರದ ಕುರ್ಚಿಯವರಿಗೆ, ನೋವು ಬೆತ್ತದ ಕುರ್ಚಿಯವರಿಗೆ. ಮೆತ್ತೆ ಅವರಿಗೇ ಇರಲಿ” ಎಂದು ಅಕ್ಕ ಹೊಲಿದು ಹಾಕಿದ್ದಳು.

ಕಾಯಿಲೆ ಇದೆಯೋ ಇಲ್ಲವೋ ಎಂದು ಹೇಳುವುದು ತಮ್ಮನ ಕೆಲಸ. ಅದು ಯಾವಾಗ ಶುರುವಾಯಿತು ಎಂದು ಹೇಳುವುದು ಇಬ್ಬರ ಕೆಲಸ. ಈ ಎರಡನೆಯದು ಸುಲಭ ಎಂದುಕೊಂಡವರು ಒಂದು ದಿನ ಆ ಕ್ಲಿನಿಕ್ಕಿನಲ್ಲಿ ಕೂತು ನೋಡಬೇಕಿತ್ತು. ಜ್ವರವಾದರೆ ಇಂಥ ದಿನ ಬಂತು ಅನ್ನಬಹುದು. ಇದು ಗೋಡೆಗೆ ಇಳಿಯುವ ತೇವ. ಕಣ್ಣಿಗೆ ಬೀಳುವ ಹೊತ್ತಿಗೆ ಒಳಗೆ ಎಷ್ಟು ಕಾಲದಿಂದ ಇತ್ತೋ ದೇವರೇ ಬಲ್ಲ. ಯಾರನ್ನೇ ಕೇಳಿ, ಒಂದೇ ಮಾತು: “ಮೊನ್ನೆ ಮೊನ್ನೆವರೆಗೂ ಚೆನ್ನಾಗೇ ಇದ್ರು.” ಅಕ್ಕ ಅದನ್ನು ತಲೆಯಾಡಿಸಿ ಕೇಳಿಸಿಕೊಂಡು, ಮುಂದಿನ ಕೋಣೆಯಲ್ಲಿ ಟೀ ಕೊಟ್ಟು, ಸುತ್ತಿ ಬಳಸಿ ಬರುತ್ತಿದ್ದಳು. ಹೊಸ ಫ್ರಿಜ್ ತಂದಾಗ ಅದರ ಬಾಗಿಲು ಮುಚ್ಚೋದು ಮರೀತಿದ್ರಾ? ಮೊಮ್ಮಗು ಹುಟ್ಟಿದಾಗ ಅದರ ಹೆಸರು ತಪ್ಪಿ ಕರೆದ್ರಾ? ಅದಕ್ಕೆ ಮೊದಲೋ, ಆಮೇಲೋ? ಮೊದಲೋ ಆಮೇಲೋ ಎಂಬ ಈ ಎರಡು ಪದಗಳಿಂದಲೇ ಅವಳು ಎಂಥ ಗಂಟನ್ನೂ ಬಿಡಿಸುತ್ತಿದ್ದಳು.

ತಮ್ಮನ ಹತ್ತಿರ ಕೆಲಸ ಕಲಿಯಲು ಬಂದ ಒಬ್ಬ ಹುಡುಗಿಗೆ, ಆಮೇಲೆ ದೊಡ್ಡಾಸ್ಪತ್ರೆಯಲ್ಲಿ ಹೆಸರು ಮಾಡಿದ ಡಾಕ್ಟರಮ್ಮನಿಗೆ, ಅಕ್ಕ ಎರಡು ಪಾಠ ಹೇಳಿಕೊಟ್ಟಿದ್ದಳು. ಒಂದು: “ಹತ್ತಿರದವರು ಯಾವಾಗ್ಲೂ ತಡವಾಗಿ ಹೇಳ್ತಾರೆ. ಸುಳ್ಳಲ್ಲ ಅದು. ಬಿದ್ದ ಮಗೂಗೆ ಏನೂ ಆಗಿಲ್ಲ ಏಳು ಅಂತೀವಲ್ಲ, ಹಂಗೆ. ಅವರು ಹೇಳಿದ ಜಾಗದಿಂದ ಇನ್ನೂ ಸ್ವಲ್ಪ ಹಿಂದೆ ಹೋಗಿ ನೋಡು.” ಇನ್ನೊಂದು: “ಸೊಸೆ ಕದ್ದಳು ಅಂತ ಅತ್ತೆ ಹೇಳಿದ್ರೆ ಮೊದಲು ಸೊಸೇನ ನೋಡಬೇಡ, ಅತ್ತೇನ ನೋಡು. ತಾನೇ ಇಟ್ಟು ಮರೆತು ಮನೆಯವರ ಮೇಲೆ ಹಾಕೋದು ಈ ಕಾಯಿಲೆಯ ಹಳೇ ಚಾಳಿ.” ಆ ಹುಡುಗಿ ಎರಡನ್ನೂ ಮನಸ್ಸಿಗೆ ಹಚ್ಚಿಕೊಂಡು ಹೋದಳು.

ಇನ್ನು ಆ ಕ್ಲಿನಿಕ್ಕಿಗೇ ಒಂದು ಪದ್ಧತಿ ಇತ್ತು. ಬೆಳಗ್ಗೆಯೆಲ್ಲ ಅಕ್ಕ ಮನೆಯವರ ಬಾಯಿ ಬಿಡಿಸುತ್ತಿದ್ದಳು, ತಮ್ಮ ರೋಗಿಯನ್ನು ನೋಡುತ್ತಿದ್ದ, ಆಮೇಲೆ ಮನೆಯವರನ್ನೂ ನಾಲ್ಕು ಮಾತು ಕೇಳುತ್ತಿದ್ದ. ಯಾವಾಗ ಶುರುವಾಗಿರಬಹುದು ಎಂಬುದನ್ನು ಇಬ್ಬರೂ ಒಬ್ಬರಿಗೊಬ್ಬರು ಹೇಳಿಕೊಳ್ಳುವ ಹಾಗಿರಲಿಲ್ಲ. ಮಧ್ಯಾಹ್ನ ಊಟಕ್ಕೆ ಮೇಲೆ ಹೋಗುವ ಮುನ್ನ ಮೆಟ್ಟಿಲ ಕೆಳಗಿನ ನಲ್ಲಿಯಲ್ಲಿ ಕೈ ತೊಳೆಯುತ್ತ ಅಕ್ಕ “ಒಂದು, ಎರಡು, ಮೂರು” ಅನ್ನುತ್ತಿದ್ದಳು. ಇಬ್ಬರೂ ಒಂದೇ ಉಸಿರಿಗೆ ತಮ್ಮ ತಮ್ಮ ಅಂದಾಜು ಹೇಳಬೇಕು. “ನಾಲ್ಕು ವರ್ಷ!” “ನಾಲ್ಕು ವರ್ಷ!” ಅರವತ್ತು ದಾಟಿದ ಇಬ್ಬರು ಸೋಪಿನ ಕೈಯಲ್ಲಿ ಹೀಗೆ ಕೂಗುವುದು ಕೇಳಿ ಔಷಧಿ ಕಂಪನಿಯವರು ಗಾಬರಿಯಾದದ್ದುಂಟು. ತಮ್ಮ ಹೇಳುತ್ತಿದ್ದ: “ನಾನೊಬ್ಬನೇ ಹೇಳಿದ್ರೆ ಅದು ಬರೀ ಊಹೆ ಅಕ್ಕ. ಇಬ್ಬರು ಒಬ್ಬರ ಮಾತು ಒಬ್ಬರು ಕೇಳದೆ ಒಂದೇ ಹೇಳಿದ್ರೆ, ಆಗ ನಂಬಬಹುದು.” ಹೆಚ್ಚಿನ ದಿನ ಹೊಂದುತ್ತಿತ್ತು, ಇಲ್ಲವೇ ಒಂದು ವರ್ಷ ಆಚೀಚೆ. ಅದಕ್ಕಿಂತ ಹೆಚ್ಚು ಬಿರುಕು ಬಿಟ್ಟರೆ ಮನೆಯವರನ್ನು ಮತ್ತೆ ಕರೆಸುತ್ತಿದ್ದರು. ಹೊಂದುವವರೆಗೆ ಯಾರಿಗೂ ಏನೂ ಹೇಳಬಾರದು, ಇದು ಅಕ್ಕನೇ ಹಾಕಿದ ಕಟ್ಟಳೆ.

ಇಷ್ಟೆಲ್ಲ ಯಾಕೆ, ಶುರು ಯಾವಾಗಾದರೇನು ಎಂದು ಕೇಳುವವರು ಕಾಯಿಲೆಯ ಮನೆ ನೋಡಿದವರಲ್ಲ. ಮನೆಯವರಿಗೆ ಅದರಲ್ಲೇ ಜೀವ. ಅಪ್ಪ ಆ ಮಾತು ಅಂದಾಗ ಅಪ್ಪನೇ ಅಂದದ್ದೋ, ಆಗಲೇ ಒಳಗೆ ಇನ್ನೊಂದು ಕೂತಿತ್ತೋ? ಇದೊಂದು ತಿಳಿದರೆ ಜನ ಇಡೀ ಜನ್ಮದ ಸಿಟ್ಟನ್ನು ಬಿಟ್ಟುಬಿಡುತ್ತಿದ್ದರು, ಅಥವಾ ಇನ್ನೂ ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದರು.

ಮೊದಲ ಬಾರಿಗೆ ಅಕ್ಕನ ಎದೆ ಧಸಕ್ಕೆಂದದ್ದು ಒಬ್ಬ ತಾಯಿ ಮಗಳು ಬಂದ ದಿನ. ತಾಯಿ ಅಂಚೆ ಕಚೇರಿಯ ಕೌಂಟರಿನಲ್ಲಿ ಕೂತು ನಿವೃತ್ತಿಯಾದವರು. ಈಗ ಸ್ಟಾಂಪಿಗೆ ಸವರುವ ಹಾಗೆ ಬೆರಳಿಗೆ ನಾಲಗೆ ಸವರಿಕೊಳ್ಳುತ್ತ ಮರದ ಕುರ್ಚಿಯಲ್ಲಿ ಕೂತಿದ್ದರು. ಮಗಳಿಗೆ ಮುಂದಿನ ಕೋಣೆಯಲ್ಲಿ ಅಕ್ಕ ಟೀ ಕೊಟ್ಟಳು. ಮೂರು ವರ್ಷದ ಹಿಂದೆ ಆ ಮಗಳು ಎಳೆ ಕೂಸನ್ನು ಎತ್ತಿಕೊಂಡು ತವರಿಗೆ ಹೋದಾಗ ತಾಯಿ ಹೊಸಿಲಲ್ಲೇ ತಡೆದು, ನೀನು ನನ್ನ ಹೊಟ್ಟೆಯಲ್ಲಿ ಹುಟ್ಟಿದವಳೇ ಅಲ್ಲ, ನಡಿ ಆಚೆ ಎಂದಿದ್ದರಂತೆ. ಅಂದಿನಿಂದ ಮಾತಿಲ್ಲ. ಈಗ ನೋಡಿಕೊಳ್ಳುವವರಿಲ್ಲದೆ ಅಕ್ಕಪಕ್ಕದವರು ಇವಳನ್ನೇ ಕರೆಸಿದ್ದರು.

“ನನಗೆ ಔಷಧಿ ಗಿಷಧಿ ಗೊತ್ತಾಗಲ್ಲ ಅಕ್ಕ,” ಎಂದಳು ಮಗಳು. “ಒಂದೇ ಒಂದು ಹೇಳಿ. ಆವತ್ತು ಮಾತಾಡಿದ್ದು ನಮ್ಮಮ್ಮನಾ, ಈ ಕಾಯಿಲೆನಾ? ಕಾಯಿಲೆ ಅಂದ್ರೆ ಇವತ್ತೇ ಮನೆಗೆ ಕರ್ಕೊಂಡು ಹೋಗ್ತೀನಿ.”

ಅಕ್ಕ ಎಂದಿನಂತೆ ಸುತ್ತಿ ಬಳಸಿ ಕೇಳಿದಳು. ಮಧ್ಯಾಹ್ನ ನಲ್ಲಿಯ ಬಳಿ ಒಂದು ಎರಡು ಮೂರು ಆಯಿತು. ತಮ್ಮ “ನಾಲ್ಕು” ಎಂದ. ಅಕ್ಕ “ಎರಡು” ಎಂದಳು.

“ಎರಡು ಹೆಂಗಕ್ಕ?” ತಮ್ಮನ ಕೈಯಿಂದ ಸೋಪು ಜಾರಿತು. “ದಿನಾ ಓಡಾಡೋ ದಾರೀಲೇ ತಪ್ಪಿಸಿಕೊಂಡು ಅತ್ತಿದ್ರಲ್ಲ, ಆ ಕೂಸು ಹುಟ್ಟೋಕೂ ಮೊದಲೇ.”

“ಯಾರು ಹೇಳಿದ್ರು ನಿನಗೆ? ಮಗಳು ನನ್ನ ಹತ್ರ ಅದೇನೂ ಹೇಳಲಿಲ್ಲ.”

“ನೀನೇ ಹೇಳಿದ್ಯಲ್ಲ,” ಎಂದ ತಮ್ಮ ಮೆಲ್ಲಗೆ. “ಈಗ ತಾನೆ. ಹೇಳಬಾರದಿತ್ತು, ಬಾಯಿ ತಪ್ಪಿ ಅಂದ್ಬಿಟ್ಟೆ ಅಂತಾನೂ ಅಂದೆ.”

ಅಕ್ಕ ಅವನ ಮುಖವನ್ನೇ ನೋಡಿದಳು. ಅವಳು ಹೇಳಿರಲಿಲ್ಲ. ಹೇಳಿದ್ದರೆ ನೆನಪಿರುತ್ತಿರಲಿಲ್ಲವೇ? ಇನ್ಯಾರದೋ ಕತೆಯನ್ನು ಇವರ ಕತೆಗೆ ಹೊಲಿದು ಹಾಕಿದ್ದಾನೆ. ನೆನಪಿನಲ್ಲಿ ತೂತು ಬಿದ್ದವರು ಕೈಗೆ ಸಿಕ್ಕ ಬಟ್ಟೆಯಿಂದ ತೇಪೆ ಹಾಕುವುದನ್ನು ಅವಳು ಬೇಕಾದಷ್ಟು ನೋಡಿದ್ದಳು. ಮರಿಗೆ ಹೀಗಾಗುತ್ತಿದೆಯೇ ಎಂಬ ಯೋಚನೆ ಬಂದದ್ದೇ ಅವಳ ಕಾಲ ಕೆಳಗಿನ ನೆಲ ಹೋದ ಹಾಗಾಯಿತು. ಆ ಗಾಬರಿಯಲ್ಲೋ, ತನ್ನ ಮಾತೇ ಸರಿ ಎಂಬ ಹಟದಲ್ಲೋ, ಅವಳು ತಾನೇ ಹಾಕಿದ ಕಟ್ಟಳೆ ಮುರಿದಳು. ಬಾಗಿಲವರೆಗೆ ಹೋಗಿ ಆ ಮಗಳಿಗೆ, “ಆವತ್ತಿನ್ನೂ ಕಾಯಿಲೆ ಶುರುವಾಗಿರಲಿಲ್ಲ ಮಗಳೇ. ಆಡಿದ್ದು ನಿಮ್ಮಮ್ಮನೇ” ಎಂದಳು. ಮಗಳು ತಾಯಿಯ ತೋಳು ಹಿಡಿದಿದ್ದ ಕೈಯನ್ನು ತೆಗೆದುಬಿಟ್ಟಳು. ಮುದುಕಿ ಒಬ್ಬಳೇ ಮುಂಬಾಗಿಲ ಮೆಟ್ಟಿಲಿಳಿಯಲು ತಡವರಿಸಿದಳು.

ಅಲ್ಲಿಂದ ಮುಂದೆ ಅಕ್ಕ ತಮ್ಮನ ಮೇಲೆ ಕಣ್ಣಿಟ್ಟಳು. ಹುಡುಕಿದರೆ ಸಿಗದಿರುತ್ತದೆಯೇ? ಒಂದೇ ಮಾತನ್ನು ಅವನು ಎರಡೆರಡು ಸಲ ಹೇಳುತ್ತಿದ್ದ: “ಅಕ್ಕ, ನಾಳೆ ಬೆಳಗ್ಗೆ ರಜಾ,” ಮತ್ತೆ ಸಂಜೆ ಅದೇ, “ಅಕ್ಕ, ನಾಳೆ ರಜಾ ಅಂದೆನಲ್ಲ.” ಅವಳು ಬೀಗ ಹಾಕಿದ ಔಷಧಿ ಬೀರುವನ್ನು ಅವನು ಹೋಗಿ ಎಳೆದು ನೋಡುತ್ತಿದ್ದ. ಅವಳು ಮನೆಯವರಿಗೆ ಕೇಳಿ ಮುಗಿಸಿದ ಪ್ರಶ್ನೆಗಳನ್ನು ಅವನು ಮೊದಲಿಂದ ಕೇಳುತ್ತಿದ್ದ. ಅವರೇ ಬಂದು ದೂರುತ್ತಿದ್ದರು, ಡಾಕ್ಟ್ರು ಎಲ್ಲ ಮತ್ತೆ ಕೇಳಿದ್ರು ಅಕ್ಕ ಎಂದು. ಮೂರು ಹೆಜ್ಜೆ ದೂರದ ಅಂಗಡಿಗೆ ಅವಳು ಹೊರಟರೂ ಬಾಲದ ಹಾಗೆ ಹಿಂದೆ ಬರುತ್ತಿದ್ದ. ಚಿಕ್ಕವನಿದ್ದಾಗ ಸೆರಗು ಹಿಡಿದು ಬರುತ್ತಿದ್ದನಲ್ಲ, ಹಾಗೆ. ಕಾಯಿಲೆಯವರು ಕೊನೆಗೆ ನೆರಳಿನಂತೆ ಒಬ್ಬರಿಗೆ ಅಂಟಿಕೊಳ್ಳುತ್ತಾರೆ ಎಂಬುದು ಅಕ್ಕನಿಗೆ ಗೊತ್ತಿತ್ತು. ಅಂಗಡಿಯಿಂದ ಬರುವಾಗ ಅವನ ಕೈ ಹಿಡಿದುಕೊಂಡು ಬಂದಳು. ಕಣ್ಣಲ್ಲಿ ನೀರು ತುಂಬಿತ್ತು.

ಹೊಂದದ ದಿನಗಳು ಹೆಚ್ಚಾದವು. ಕೊನೆಗೆ ಒಂದು ಮಧ್ಯಾಹ್ನ ಅವಳು ನಲ್ಲಿ ತಿರುಗಿಸಿ “ಒಂದು” ಅನ್ನುವಷ್ಟರಲ್ಲಿ ಅವನು, “ಇವತ್ತು ಬೇಡಕ್ಕ, ಹಸಿವಾಗಿದೆ” ಎಂದು ಮೇಲೆ ಹೋದ. ಮಾರನೆಯ ದಿನವೂ ಬೇಡ ಎಂದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ಎಂದು ಅಕ್ಕ ಅಂದುಕೊಂಡಳು. ತನಗೇನಾಗುತ್ತಿದೆ ಎಂದು ಇವನಿಗೇ ಗೊತ್ತಾಗಿದೆ, ಹೆದರಿದ್ದಾನೆ.

ಒಂದು ಬೆಳಗ್ಗೆ ಬಾಗಿಲು ಬಡಿಯಿತು. ಒಬ್ಬಳು ಹೆಂಗಸು ಒಂಟಿಯಾಗಿ ನಿಂತಿದ್ದಳು. ಅಕ್ಕ ಒಳಗೆ ಕೂರಿಸಿ ಟೀ ಕೊಟ್ಟು, “ಮೊದಲ ಸಲ ಬರ್ತಾ ಇದೀರಾ? ಯಾರಿಗೆ ತೋರಿಸೋದು?” ಎಂದು ಕೇಳಿದಳು. ಆ ಹೆಂಗಸು ಮಿಕಮಿಕ ನೋಡಿದಳು. ಟೀ ಮುಟ್ಟಲಿಲ್ಲ. ಅಷ್ಟರಲ್ಲಿ ತಮ್ಮ ಹೊರಗೆ ಬಂದು ಅವಳನ್ನು ಒಳಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಮುಚ್ಚಿಕೊಂಡ. ಅಕ್ಕನನ್ನು ಕರೆಯಲಿಲ್ಲ. ಇಷ್ಟು ವರ್ಷದ ಪದ್ಧತಿಯನ್ನೇ ಮರೆತನಲ್ಲ ಎಂದು ಅಕ್ಕ ತಣ್ಣಗಾದ ಟೀಯನ್ನು ಬಚ್ಚಲಿಗೆ ಚೆಲ್ಲಿದಳು.

ಅದೇ ವಾರ ಇನ್ನೊಂದು ಮನೆಯವರು ಬೆವರು ಒರೆಸಿಕೊಳ್ಳುತ್ತ ಬಂದರು. “ಕಂದು ಬಾಗಿಲು ಅಂತ ಫೋನಲ್ಲಿ ಹೇಳಿದ್ರಿ ಅಕ್ಕ. ಬೀದಿ ತುಂಬ ಸುತ್ತಿದ್ವಿ. ಇಲ್ಲಿರೋದು ಹಸಿರು.”

“ಕಂದೋ ಹಸಿರೋ, ಬೋರ್ಡು ಇದೆಯಲ್ಲ, ಕಣ್ಣು ಎಲ್ಲಿಟ್ಟಿದ್ರಿ?” ಎಂದು ಅಕ್ಕ ಗದರಿದಳು. ಆಮೇಲೆ ನಾಚಿಕೆಯಾಯಿತು. ಬಾಗಿಲಿಗೆ ಹಸಿರು ಬಣ್ಣ ಹೊಡೆಸಿದ್ದು ಮೊನ್ನೆ ಮೊನ್ನೆ, ಹಳೆಯ ಬಣ್ಣವೇ ಬಾಯಿಗೆ ಬಂದಿದೆ ಎಂದು ಸಮಾಧಾನ ಮಾಡಿಕೊಂಡಳು. ಮೆಟ್ಟಿಲ ಮೇಲೆ ನಿಂತಿದ್ದ ತಮ್ಮನ ಹೆಂಡತಿ ಅವಳನ್ನೊಮ್ಮೆ ನೋಡಿ ಒಳಗೆ ಹೋದಳು.

ತಮ್ಮನ ಹೆಂಡತಿ ಅಕ್ಕನೊಡನೆ ಬೇಕಾದಷ್ಟೇ ಮಾತಾಡುತ್ತಿದ್ದಳು. ಅದಕ್ಕೆ ಕಾರಣವಿತ್ತು. ಹಿಂದೊಮ್ಮೆ ತಾಯಿಯ ಕಾಲದ ಚಿನ್ನದ ಸರ ಕಾಣೆಯಾದಾಗ ಅಕ್ಕ ರೋಗಿಗಳ ಎದುರಿಗೇ, “ಸರಕ್ಕೇನು ಕಾಲು ಬಂತಾ? ನಿನ್ನ ತವರಿನ ದಾರಿ ಹಿಡಿದಿರಬೇಕು” ಎಂದುಬಿಟ್ಟಿದ್ದಳು. ಕೆಲವು ದಿನದ ಮೇಲೆ ಸರ ಸಿಕ್ಕಿದ್ದು ಕ್ಲಿನಿಕ್ಕಿನ ಹತ್ತಿಯ ಡಬ್ಬಿಯಲ್ಲಿ. ಆ ಡಬ್ಬಿ ತೆಗೆಯುತ್ತಿದ್ದವಳು ಅಕ್ಕ ಒಬ್ಬಳೇ. “ಹೆಂಗೋ ಸಿಕ್ತಲ್ಲ” ಎಂದಳೇ ಹೊರತು ತಪ್ಪಾಯಿತು ಅನ್ನಲಿಲ್ಲ. ಅಲ್ಲಿಂದ ಆ ಹೆಂಗಸು ಅಕ್ಕನಿಗೆ ಬಡಿಸುತ್ತಿದ್ದಳು, ಬಟ್ಟೆ ಒಗೆದು ಹಾಕುತ್ತಿದ್ದಳು, ಜೊತೆಗೆ ಕೂತು ಊಟ ಮಾತ್ರ ಮಾಡುತ್ತಿರಲಿಲ್ಲ.

ಕೊನೆಗೆ ಅಕ್ಕ ಡಾಕ್ಟರಮ್ಮನಿಗೆ ಫೋನ್ ಮಾಡಿದಳು. ಮಾತು ಶುರು ಮಾಡುವಾಗಲೇ ಅಳು ಬಂತು. ತಾನು ಸಾಕಿದವನನ್ನು ತಾನೇ ಆ ಮರದ ಕುರ್ಚಿಯಲ್ಲಿ ಕೂರಿಸುವುದೆಂದರೆ ಸುಲಭವೇ? ಕೂರಿಸದಿದ್ದರೆ ದಿನಾ ಬರುವ ರೋಗಿಗಳ ಗತಿ ಏನು?

“ನಿಮ್ಮ ಗುರುಗಳನ್ನ ಒಂದ್ಸಲ ನೋಡಬೇಕು ಮಗಳೇ. ಅವನಿಗೆ ಹೇಳಬೇಡ, ಸುಮ್ನೆ ಬಂದ ಹಂಗೆ ಬಾ. ಬೆತ್ತದ ಕುರ್ಚೀಲಿ ನಾನು ಕೂರ್ತೀನಿ. ಕೇಳಿದ್ದಕ್ಕೆಲ್ಲ ನಿಜ ಹೇಳ್ತೀನಿ.”

“ಈ ಭಾನುವಾರ ಬರ್ತೀನಿ ಅಕ್ಕ,” ಎಂದಳು ಡಾಕ್ಟರಮ್ಮ. “ಇನ್ನು ತಡ ಮಾಡೋದು ಬೇಡ.”

ಭಾನುವಾರ ಕ್ಲಿನಿಕ್ಕಿಗೆ ರಜೆ. ಅಕ್ಕ ಬೆಳಗ್ಗೆಯೇ ಸ್ನಾನ ಮಾಡಿ, ಒಳ್ಳೆಯ ಸೀರೆ ಉಟ್ಟು, ಹೇಳಬೇಕಾದ್ದನ್ನು ಮನಸ್ಸಿನಲ್ಲೇ ಜೋಡಿಸಿಕೊಂಡಳು. ಎರಡೆರಡು ಸಲ ಹೇಳುವುದು, ಬೀರು ಎಳೆದು ನೋಡುವುದು, ಹಿಂದೆ ಹಿಂದೆ ಬರುವುದು. ಶುರುವಾದದ್ದು ಎಂದಿನಿಂದ? ತಾನು ಹತ್ತಿರದವಳು, ತಡವಾಗಿಯೇ ಹೇಳುತ್ತೇನೆ, ಅದಕ್ಕೆ ಒಂದಿಷ್ಟು ಹಿಂದಕ್ಕೆ ಹಾಕಿ ಹೇಳಬೇಕು ಎಂದೂ ಲೆಕ್ಕ ಮಾಡಿಟ್ಟುಕೊಂಡಳು. ಕೆಳಗೆ ಮಾತು ಕೇಳಿಸಿದಾಗ ಇಳಿದು ಹೋಗಿ ಒಳಕೋಣೆಯ ಬಾಗಿಲು ತಳ್ಳಿದಳು.

ಬೆತ್ತದ ಕುರ್ಚಿಯಲ್ಲಿ ತಮ್ಮ ಕೂತಿದ್ದ. ಮೆತ್ತೆಯನ್ನು ತೊಡೆಯ ಮೇಲಿಟ್ಟುಕೊಂಡು ಅದರ ಅಂಚನ್ನು ಕೀಳುತ್ತಿದ್ದ. ಡಾಕ್ಟರಮ್ಮ ಡಾಕ್ಟರ ಕುರ್ಚಿಯಿಂದ ಎದ್ದು ನಿಂತಳು. ಇನ್ನು ಖಾಲಿ ಇದ್ದದ್ದು ಮರದ ಕುರ್ಚಿ ಒಂದೇ.

“ಅದು ನನ್ನ ಜಾಗ ಮರಿ,” ಎಂದಳು ಅಕ್ಕ. “ನೀನು ಈ ಕಡೆ ಬಾ.”

ತಮ್ಮ ಅಲ್ಲಾಡಲಿಲ್ಲ. ಡಾಕ್ಟರಮ್ಮ ಬಂದು ಅಕ್ಕನ ಎರಡೂ ಕೈ ಹಿಡಿದುಕೊಂಡಳು. “ಕೂತ್ಕೊಳ್ಳಿ ಅಕ್ಕ. ನೀವು ಫೋನ್ ಮಾಡಿದ್ರಲ್ಲ, ಅದಕ್ಕೇ ಬಂದಿದೀನಿ.”

“ಒಂದ್ಸಲ ಹೇಳಿದ್ದಕ್ಕೆ ಬಂದ್ಯಲ್ಲ, ನಿನ್ನ ಹೊಟ್ಟೆ ತಣ್ಣಗಿರಲಿ.”

“ಒಂದ್ಸಲ ಅಲ್ಲ ಅಕ್ಕ.” ಡಾಕ್ಟರಮ್ಮ ಹಿಡಿದ ಕೈ ಬಿಡಲಿಲ್ಲ. “ಹಿಂದಿನ ವಾರಾನೂ ಮಾಡಿದ್ರಿ. ಅದರ ಹಿಂದಿನ ವಾರಾನೂ. ಪ್ರತಿ ಸಲ ಇದೇ ಮಾತು. ಪ್ರತಿ ಸಲಾನೂ ಮೊದಲ ಸಲ ಹೇಳ್ತಿರೋ ಹಂಗೆ ಅತ್ರಿ.”

ಅಕ್ಕ ಕೂತಳು. ಎದುರಿಗೆ ಬೋಳು ಗೋಡೆ, ಅದರಲ್ಲೊಂದು ಮೊಳೆ. ಇಷ್ಟು ವರ್ಷ ಆ ಮೊಳೆಯನ್ನು ಇಲ್ಲಿ ಕೂತು ಅವಳು ನೋಡಿಯೇ ಇರಲಿಲ್ಲ.

“ಮುಂಬಾಗಿಲಿಗೆ ಹಸಿರು ಬಣ್ಣ ಹೊಡೆಸಿದ್ರಲ್ಲ,” ಎಂದು ಡಾಕ್ಟರಮ್ಮ ಅವಳ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ಕೇಳಿದಳು. “ಯಾವಾಗ ಅಕ್ಕ ಅದು?”

“ಮೊನ್ನೆ ಮೊನ್ನೆ.”

ತಮ್ಮ ಕಿಟಕಿಯ ಕಡೆ ಮುಖ ತಿರುಗಿಸಿದ. “ಎರಡು ವರ್ಷ ಆಯ್ತು,” ಎಂದ. ಹೊರಗೆ ಯಾರೋ ಸೈಕಲ್ಲಿನ ಬೆಲ್ಲು ಬಾರಿಸಿಕೊಂಡು ಹೋದರು. ಅಕ್ಕನಿಗೆ ತಾನು ಆಡಿದ ಎರಡು ಪದಗಳು ತನ್ನ ಕಿವಿಯಲ್ಲೇ ಉಳಿದವು. ಅವು ಎಷ್ಟು ಬಾಯಲ್ಲಿ ಬಂದಿದ್ದವು, ಎಷ್ಟು ಮನೆಯವರಿಂದ ಅವಳು ಅವನ್ನು ಕೇಳಿ ಒಳಗೊಳಗೇ ನಕ್ಕಿದ್ದಳು. ದೀಪದ ಬುಡದಲ್ಲೇ ಕತ್ತಲು ಅನ್ನುವುದು ಅವಳು ಬೇರೆಯವರಿಗೆ ಹೇಳುತ್ತಿದ್ದ ಗಾದೆ.

ಡಾಕ್ಟರಮ್ಮ ಈಗ ತಮ್ಮನ ಕಡೆ ತಿರುಗಿದಳು. ಶಿಷ್ಯೆ ಗುರುವನ್ನು ಕೇಳುವ ಹಾಗಿರಲಿಲ್ಲ ಅದು, ಕ್ಲಿನಿಕ್ಕಿನಲ್ಲಿ ಮನೆಯವರನ್ನು ಕೇಳುವ ಹಾಗೆ ಇತ್ತು. “ಸರ್, ಯಾವಾಗ ಶುರುವಾಯ್ತು?”

“ಬಾಗಿಲಿಗೆ ಬಣ್ಣ ಹೊಡೆಸಿದ ಮೇಲೆ,” ಎಂದ ತಮ್ಮ ಅವಸರದಲ್ಲಿ. “ಅದಕ್ಕೆ ಮೊದಲು ಏನೂ ಇರಲಿಲ್ಲ. ಚೆನ್ನಾಗೇ ಇದ್ಲು. ಆಮೇಲೇ ಸ್ವಲ್ಪ ಸ್ವಲ್ಪ. ನಾನು ನಿಭಾಯಿಸ್ತಿದ್ದೆ. ಅವಳು ಕೇಳಿದ್ದನ್ನ ನಾನೂ ಒಂದ್ಸಲ ಕೇಳ್ತಿದ್ದೆ, ಬೀಗ ನೋಡ್ತಿದ್ದೆ, ಒಬ್ಬಳನ್ನೇ ಹೊರಗೆ ಬಿಡ್ತಿರಲಿಲ್ಲ. ಕೆಲಸ ಬಿಡಿಸಿದ್ರೆ ಅವಳು ಉಳೀತಾಳಾ ಹೇಳಿ?”

ಬಾಗಿಲಲ್ಲಿ ತಮ್ಮನ ಹೆಂಡತಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. “ಹಂಗಾದ್ರೆ,” ಎಂದಳು, “ಸರ ಕಳೆದಾಗ ಬಾಗಿಲು ಇನ್ನೂ ಕಂದು ಬಣ್ಣದ್ದೇ ಇತ್ತು. ಆ ಮಾತು ಅತ್ತಿಗೆಯೇ ಆಡಿದ್ದು ಅಂತಾಯ್ತು.” ಸಿಟ್ಟಿನಿಂದ ಅನ್ನಲಿಲ್ಲ. ವರ್ಷಗಟ್ಟಲೆ ಎದೆಯಲ್ಲಿ ಇಟ್ಟುಕೊಂಡದ್ದನ್ನು ಕೊನೆಗೊಮ್ಮೆ ಕೇಳಿ ಮುಗಿಸುವವಳ ಹಾಗೆ ಅಂದಳು.

ಅಕ್ಕ ಮೊಳೆಯನ್ನು ನೋಡುತ್ತ ಕೂತಿದ್ದಳು. ಸರ ಅವಳಿಗೆ ನೆನಪಿತ್ತು, ಹತ್ತಿಯ ಡಬ್ಬಿ ನೆನಪಿತ್ತು, ತಾನು ಆಡಿದ ಮಾತೂ ನೆನಪಿತ್ತು. ಸರವನ್ನು ಆ ಡಬ್ಬಿಯಲ್ಲಿ ಇಟ್ಟದ್ದು ಮಾತ್ರ ಎಷ್ಟು ತಡಕಿದರೂ ಸಿಗಲಿಲ್ಲ. ಸೊಸೇನ ನೋಡಬೇಡ, ಅತ್ತೇನ ನೋಡು. ಕಸುಬು ಅವಳ ಕೈಬಿಟ್ಟಿರಲಿಲ್ಲ. ಅದು ಈಗ ಅವಳ ಕಡೆಗೇ ತಿರುಗಿ ನಿಂತಿತ್ತು.

ಅವಳು ಎದ್ದಳು. ಕೋಣೆಯಿಂದ ಹೊರಗೆ ಬಂದು ಮೆಟ್ಟಿಲ ಕೆಳಗಿನ ನಲ್ಲಿ ತಿರುಗಿಸಿ, ಸೋಪು ಕೈಗೆ ತೆಗೆದುಕೊಂಡಳು. “ಬಾ ಮರಿ.”

“ಬೇಡಕ್ಕ.”

“ಬಾ ಅಂದೆ. ಎಷ್ಟು ವರ್ಷ ಅಂತ ಹೇಳೋದು ಬೇಡ. ಬಣ್ಣ ಹೊಡೆಸೋಕೆ ಮೊದಲೋ ಆಮೇಲೋ, ಅಷ್ಟು ಹೇಳಿದ್ರೆ ಸಾಕು. ನಿಜ ಹೇಳಬೇಕು. ನಾನು ಸಾಕಿದ ಹುಡುಗ ನೀನು, ಸುಳ್ಳು ಹೇಳಿದ್ರೆ ಗೊತ್ತಾಗತ್ತೆ.”

ತಮ್ಮ ಬಂದು ಪಕ್ಕದಲ್ಲಿ ನಿಂತ. ಡಾಕ್ಟರಮ್ಮನೂ ಅವನ ಹೆಂಡತಿಯೂ ಬಾಗಿಲಲ್ಲೇ ಉಳಿದರು. ನೀರು ಸುರಿಯುತ್ತಿತ್ತು.

“ಒಂದು,” ಎಂದಳು ಅಕ್ಕ. “ಎರಡು. ಮೂರು.”

“ಮೊದಲು,” ಎಂದರು ಇಬ್ಬರೂ.

ಬಹಳ ದಿನದ ಮೇಲೆ ಇಬ್ಬರ ಮಾತೂ ಹೊಂದಿತ್ತು. ತಮ್ಮ ಒದ್ದೆ ಕೈಯಲ್ಲೇ ಮುಖ ಮುಚ್ಚಿಕೊಂಡು ಮಗುವಿನ ಹಾಗೆ ಅತ್ತ. ಬಾಗಿಲಲ್ಲಿ ಅವನ ಹೆಂಡತಿ ಸೆರಗಿನಿಂದ ಬಾಯಿ ಒತ್ತಿಕೊಂಡಳು. ನಂತರ ಬಂದು ಅಕ್ಕನ ಕೈಯಿಂದ ಸೋಪು ತೆಗೆದಿಟ್ಟು, ಅವಳ ಬೆರಳುಗಳನ್ನು ಒಂದೊಂದಾಗಿ ನೀರಿನಲ್ಲಿ ತೊಳೆದಳು. ಅಕ್ಕ ಸುಮ್ಮನೆ ತೊಳೆಸಿಕೊಂಡಳು. ಆದರೆ ಅವಳ ಮನಸ್ಸು ಆಗಲೇ ಮುಂದಕ್ಕೆ ಹೋಗಿತ್ತು. ಬಣ್ಣ ಹೊಡೆಸುವ ಮೊದಲೇ ಎಂದರೆ, ಬಣ್ಣ ಹೊಡೆಸಿದ ಮೇಲೆ ಮುಂದಿನ ಕೋಣೆಯಲ್ಲಿ ತಾನು ಕೇಳಿಸಿಕೊಂಡ ಕತೆಗಳೆಲ್ಲ ಏನಾದವು?

“ಮರಿ, ಆ ಅಂಚೆ ಕಚೇರಿಯವರ ಮಗಳನ್ನ ಕರೆಸು,” ಎಂದಳು. “ನಾನು ಹೇಳಿದ್ದು ತಪ್ಪು. ನಿನ್ನ ಲೆಕ್ಕವೇ ಸರಿ. ಆವತ್ತು ಮಾತಾಡಿದ್ದು ಅವರಮ್ಮ ಅಲ್ಲ ಅಂತ ಹೇಳಬೇಕು. ಬೇಗ ಕರೆಸು.”

ತಮ್ಮ ಮುಖದಿಂದ ಕೈ ತೆಗೆದ. ಹೇಳಲೋ ಬೇಡವೋ ಎಂಬಂತೆ ಹೆಂಡತಿಯನ್ನು ನೋಡಿದ. “ಕರೆಸಿದ್ದೆ ಅಕ್ಕ. ಹೋದ ತಿಂಗಳು. ಬಾಗಿಲು ತೆಗೆದಿದ್ದು ನೀನೇ. ಟೀ ಕೊಟ್ಟಿದ್ದೂ ನೀನೇ. ಮೊದಲ ಸಲ ಬರ್ತಾ ಇದೀರಾ ಅಂತ ಕೇಳಿದೆ.”

ಅಕ್ಕನಿಗೆ ತಣ್ಣಗಾದ ಟೀ ನೆನಪಾಯಿತು. ಮುಖ ನೆನಪಾಗಲಿಲ್ಲ.

“ಏನಂದ್ಲು?”

“ನಾನು ಎಲ್ಲ ಹೇಳಿದೆ. ಕೇಳಿಸ್ಕೊಂಡ್ಲು. ಅಕ್ಕ ಒಂದು ಹೇಳ್ತಾರೆ, ತಮ್ಮ ಒಂದು ಹೇಳ್ತಾರೆ, ಇಬ್ಬರಲ್ಲಿ ಯಾರನ್ನ ನಂಬಲಿ ಡಾಕ್ಟ್ರೇ ಅಂತ ಕೇಳಿ ಎದ್ದು ಹೋದ್ಲು. ಅವರಮ್ಮನ್ನ ಮನೆಗೆ ಕರ್ಕೊಂಡು ಹೋಗಲಿಲ್ಲ.”

ಅಕ್ಕ ಕೈ ಚಾಚಿ ನಲ್ಲಿ ನಿಲ್ಲಿಸಿದಳು.